ಹಗ್ಗದ ಆಚೆ ಉಳಿದವರು

ಸೈನ್ಯದ ಭರ್ತಿಗೆ ಓಡುವ ಹುಡುಗರಿಗೆ ಓಟದ ಕೊನೆಯಲ್ಲಿ ಒಂದು ಹಗ್ಗ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಮೈಲಿ ಓಡಿ ಬರಬೇಕು. ಕೊನೆಯ ಗೆರೆಯ ಮೇಲೆ ಹಗ್ಗ ನೆಲಕ್ಕೆ ಬಿದ್ದಿರುತ್ತದೆ. ಸಮಯ ಮುಗಿದ ಕ್ಷಣ ಸೀಟಿ ಊದಿ ಅದನ್ನು ಬಿಗಿಯಾಗಿ ಎಳೆದು ಎದೆಮಟ್ಟಕ್ಕೆ ಎಬ್ಬಿಸುತ್ತಾರೆ. ಅಷ್ಟರೊಳಗೆ ದಾಟಿದವನು ಒಳಗೆ. ಒಂದು ಹೆಜ್ಜೆ ಹಿಂದೆ ಉಳಿದವನು ಬಂದ ದಾರಿಯಲ್ಲೇ ಮನೆಗೆ. ಅವನ ಹೆಸರು ಕೂಡ ಕೇಳುವುದಿಲ್ಲವಂತೆ.

ಇದನ್ನು ನನಗೆ ಹೇಳಿದವನು ನನ್ನ ತಮ್ಮ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ನನಗೆ ಆಗಲೇ ಸಿಟ್ಟು ಬಂದಿತ್ತು. ಆದರೆ ಅದು ಮುಂದೆ ಬಂದ ಸಿಟ್ಟಿನ ಲೆಕ್ಕಕ್ಕೆ ಏನೂ ಅಲ್ಲ.

ನಾವು ಕಲಬುರಗಿ ಕಡೆಯವರು. ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಯ ಹಿಂದಿನ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಹೊರಮಾವಿನ ಕಡೆ ಅಪಾರ್ಟ್‌ಮೆಂಟ್‌ಗಳಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಅವ್ವ ಹಾಗೆ ಕಟ್ಟಿ ಮುಗಿದ ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ನಾನು ಶಿವಾಜಿನಗರದ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಮುಗಿಸಿ ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ತಮ್ಮ ಅದೇ ಕಾಲೇಜಿನಲ್ಲಿ ಕೊನೆಯ ವರ್ಷದ ಬಿಎ. ಸಣ್ಣವನಿದ್ದಾಗಿನಿಂದ ಅವನ ಬಾಯಲ್ಲಿ ಸೈನ್ಯವೊಂದೇ. ಅದರ ಬಗ್ಗೆ ನನಗೆ ತಕರಾರು ಇರಲಿಲ್ಲ. ಹೋಗುವ ಬಾಗಿಲು ಯಾವುದು ಎಂಬುದರ ಬಗ್ಗೆ ಮಾತ್ರ ಇತ್ತು.

ಬಾಗಿಲು ಎರಡು. ಒಂದು, ಈಗಲೇ ಸಿಪಾಯಿಯಾಗಿ ಸೇರುವುದು. ಬರಹದ ಪರೀಕ್ಷೆಯನ್ನು ಅವನು ಆಗಲೇ ಪಾಸು ಮಾಡಿಕೊಂಡಿದ್ದ, ಓಟ ಉಳಿದಿತ್ತು. ಆಯ್ಕೆಯಾದರೆ ಡಿಗ್ರಿ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ವರ್ಷ ಕೆಲಸ. ಅದು ಮುಗಿದ ಮೇಲೆ ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ಈ ಸಲ ಬಿಟ್ಟರೆ ಅವನಿಗೆ ವಯಸ್ಸು ಮೀರುತ್ತದೆ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಇನ್ನೊಂದು, ಡಿಗ್ರಿ ಮುಗಿಸಿ, ಅಧಿಕಾರಿಗಳ ಪರೀಕ್ಷೆ ಬರೆದು, ಐದು ದಿನದ ಸಂದರ್ಶನ ದಾಟಿ ಆಫೀಸರ್ ಆಗುವುದು. ಅದಕ್ಕೆ ಇನ್ನೂ ಕೆಲವು ವರ್ಷ ಅವಕಾಶವಿತ್ತು. ನಾನು ಎರಡನೆಯದಕ್ಕೆ ಹಟ ಹಿಡಿದಿದ್ದೆ.

ಹುಡುಗರನ್ನು ಓಟಕ್ಕೆ ತಯಾರು ಮಾಡುತ್ತಿದ್ದವನು ಹಲಸೂರಿನ ಒಬ್ಬ ಮಾಜಿ ಹವಾಲ್ದಾರ. ಎಲ್ಲರೂ ಅವನನ್ನು ಉಸ್ತಾದ್ ಅನ್ನುತ್ತಿದ್ದರು. ಸೈನ್ಯದಲ್ಲಿ ಕಲಿಸುವವನನ್ನು ಕರೆಯುವುದೇ ಹಾಗೆ. ಅವನ ಅಕಾಡೆಮಿಗೆ ಮೈದಾನ ಇರಲಿಲ್ಲ. ಕಂಟೋನ್ಮೆಂಟಿನ ಉದ್ದಕ್ಕೂ ಬಸ್ಸಿನ ಕಿಟಕಿಯಿಂದ ನೋಡಿದರೆ ಗೋಡೆಗಳ ಹಿಂದೆ ಒಂದಾದ ಮೇಲೊಂದು ಹಸಿರು ಮೈದಾನ. ಮೂರು ವರ್ಷ ಕಾಲೇಜಿಗೆ ಹೋಗುವಾಗ ದಿನಾ ನೋಡಿದ್ದೇನೆ. ಬೆಳಗ್ಗೆ ಅಲ್ಲಿ ನೀರು ಹಾರಿಸುವ ಪೈಪುಗಳು ಗಿರಗಿರ ತಿರುಗುತ್ತಿರುತ್ತವೆ, ಹುಲ್ಲಿನ ಮೇಲೆ ಒಂದು ನಾಯಿಯೂ ಇರುವುದಿಲ್ಲ. ಆ ಸೈನ್ಯಕ್ಕೇ ಸೇರಬೇಕೆಂದು ಓಡುವ ಹುಡುಗರು ಆ ಹುಲ್ಲು ಮುಟ್ಟುವಂತಿಲ್ಲ. ಅವರು ಓಡುವುದು ನಮ್ಮ ಗಲ್ಲಿಯ ಆಚೆ, ರೈಲ್ವೆ ಕಾಂಪೌಂಡಿಗೆ ಅಂಟಿಕೊಂಡ ರಸ್ತೆಯಲ್ಲಿ, ನೀರಿನ ಟ್ಯಾಂಕರುಗಳ ಜೊತೆ.

ಉಸ್ತಾದ್ ಆ ರಸ್ತೆಯಲ್ಲಿ ಒಂದು ಮೈಲಿ ಅಳೆದು ಸುಣ್ಣದ ಗೆರೆ ಎಳೆದಿದ್ದ. ಗೆರೆಗೆ ಸ್ವಲ್ಪ ಮೊದಲು ಎಡಕ್ಕೊಂದು ಸಂದಿ. ಸಂದಿಯ ಒಳಗೆ ಬೋರ್‌ವೆಲ್. ಅಲ್ಲಿ ತುಂಬಿಸಿಕೊಂಡ ಟ್ಯಾಂಕರುಗಳು, ಅಪಾರ್ಟ್‌ಮೆಂಟಿನವರ ಸ್ನಾನದ ಹೊತ್ತಿಗೆ ನೀರು ಮುಟ್ಟಿಸಬೇಕೆಂದು, ಬೆಳಕು ಹರಿಯುವ ಮೊದಲೇ ಆ ಸಂದಿಯಿಂದ ನುಗ್ಗುತ್ತವೆ. ಮೂಲೆಯಲ್ಲಿ ಒಂದು ಗೋಡೆ. ಟ್ಯಾಂಕರಿನ ಮೂತಿ ರಸ್ತೆಗೆ ಬರುವವರೆಗೂ ಓಡುವವನಿಗೆ ಕಾಣುವುದಿಲ್ಲ, ಓಡುವವನು ಡ್ರೈವರಿಗೂ ಕಾಣುವುದಿಲ್ಲ.

ಅವತ್ತು ಭರ್ತಿಗೆ ಮೊದಲಿನ ದೊಡ್ಡ ಟ್ರಯಲ್. ಕೊನೆಯ ಓಟದ ವಿಡಿಯೋ ಮಾಡು ಬಾ ಎಂದು ತಮ್ಮ ನನ್ನನ್ನು ಎಬ್ಬಿಸಿಕೊಂಡು ಹೋದ. ನಾನು ಗೆರೆಯ ಆಚೆ ಫೋನ್ ಹಿಡಿದು ನಿಂತೆ. ಹಗ್ಗದ ಒಂದು ತುದಿಯನ್ನು ಲೈಟು ಕಂಬಕ್ಕೆ ಕಟ್ಟಿದ್ದರು, ಇನ್ನೊಂದು ಉಸ್ತಾದನ ಕೈಯಲ್ಲಿತ್ತು. ಓಟ ಶುರುವಾಗುವ ಮೊದಲು ಅವನು ಹುಡುಗರಿಗೆ ಹೇಳಿದ್ದು ಒಂದೇ ಮಾತು. ಕೊನೆಯ ನೂರು ಮೀಟರಿನಲ್ಲಿ ಹಗ್ಗ ಬಿಟ್ಟು ಬೇರೇನನ್ನೂ ನೋಡಬಾರದು. ಪಕ್ಕದವನನ್ನೂ, ನೆಲವನ್ನೂ. ಹಗ್ಗ ಮಾತ್ರ.

ಅವರು ಹಾಗೇ ಓಡಿ ಬಂದರು. ಮುಂದಿನವರು ಗೆರೆ ದಾಟಿದರು. ತಮ್ಮ ನಡುವಿನಲ್ಲಿದ್ದ. ಉಸ್ತಾದ್ ಸೀಟಿಯನ್ನು ತುಟಿಗಿಟ್ಟುಕೊಂಡ. ಅದನ್ನು ನೋಡಿ ತಮ್ಮ ವೇಗ ಹೆಚ್ಚಿಸಿದ. ಆಗ ಸಂದಿಯಿಂದ ಟ್ಯಾಂಕರ್ ಬಂತು.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ತಮ್ಮ ತಲೆ ತಿರುಗಿಸಲಿಲ್ಲ. ಅಷ್ಟು ದೊಡ್ಡ ಗಾಡಿ ಮೈಮೇಲೆ ಬರುತ್ತಿದ್ದರೂ ಅವನ ಕಣ್ಣು ನೆಲದ ಮೇಲಿನ ಹಗ್ಗದಲ್ಲಿತ್ತು. ಬ್ರೇಕಿನ ಸದ್ದು ಬಂತು, ಟ್ಯಾಂಕರಿನ ಬಾಯಿಂದ ನೀರು ರಪ್ಪೆಂದು ರಸ್ತೆಗೆ ಚೆಲ್ಲಿತು. ಅವನ ಅಂಗಿಯ ಬೆನ್ನು ಬಂಪರಿಗೆ ತಾಗಿದ್ದನ್ನು ನಾನು ನೋಡಿದೆ. ಸವರಿಕೊಂಡು ಹೋಯಿತು, ಅಷ್ಟೇ. ಅವನು ಗೆರೆ ದಾಟಿದ. ಸೀಟಿ ಕೂಗಿತು. ಹಗ್ಗ ಎದ್ದಿತು.

ಉಸ್ತಾದ್ ಕೈಯಲ್ಲಿದ್ದ ವಾಚ್ ನೋಡಿ, "ಶಾಬಾಶ್, ಒಳಗೆ" ಅಂದ.

ಹುಡುಗರು ತಮ್ಮನ ಬೆನ್ನು ತಟ್ಟಿದರು. ಯಾರೋ ಒಬ್ಬ, "ಮಗಾ, ಟ್ಯಾಂಕರ್‌ನೇ ಓವರ್‌ಟೇಕ್ ಮಾಡ್ಬಿಟ್ಟಲ್ಲೋ" ಅಂದ. ಎಲ್ಲರೂ ನಕ್ಕರು, ತಮ್ಮನೂ ನಕ್ಕ. ಅಲ್ಲಿ ನಗದೇ ಇದ್ದವರು ಇಬ್ಬರೇ. ನಾನು, ಮತ್ತೆ ಟ್ಯಾಂಕರಿನ ಡ್ರೈವರ್. ಅವನು ಇಳಿದು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಕೆ.ಆರ್. ಪುರದವನು, ನಡುವಯಸ್ಸು. ಬೀಡಿ ಹಚ್ಚಲು ನೋಡುತ್ತಿದ್ದ, ಕಡ್ಡಿ ಗೀರಲಾಗುತ್ತಿರಲಿಲ್ಲ. ನಾನು ಹತ್ತಿರ ಹೋದಾಗ, "ನಾನ್ ನಿಲ್ಸಿದ್ದಲ್ಲ ಮೇಡಮ್. ಅಲ್ಲಾ ನಿಲ್ಸಿದ್ದು" ಅಂದ. ಅವನನ್ನು ಬೈಯಬೇಕೆಂದೇ ಹೋಗಿದ್ದೆ. ಕಡ್ಡಿಪೆಟ್ಟಿಗೆ ತೆಗೆದುಕೊಂಡು ನಾನೇ ಗೀರಿ ಕೊಟ್ಟೆ.

ಆ ವಿಡಿಯೋ ಈಗಲೂ ನನ್ನ ಫೋನಿನಲ್ಲಿದೆ. ತಮ್ಮ ಓಡಿ ಬರುವುದು ಸ್ವಲ್ಪ ದೂರ ಕಾಣುತ್ತದೆ. ಆಮೇಲೆ ಫೋನು ನನ್ನ ಕೈಯಿಂದ ಬಿದ್ದಿದೆ. ಉಳಿದದ್ದೆಲ್ಲ ಆಕಾಶ ಮತ್ತು ಸದ್ದು. ಮನೆಗೆ ಬಂದು ಅದನ್ನು ನೋಡಿದ ತಮ್ಮ ಮುಖ ಸಪ್ಪೆ ಮಾಡಿದ.

"ಫಿನಿಶಿಂಗ್ ಬಂದೇ ಇಲ್ಲಲ್ಲಕ್ಕ. ಬರೀ ಮುಗಿಲು ಬಂದದ."

ನಾನು ಅವನ ಕೆನ್ನೆಗೆ ಹೊಡೆದೆ. ಅವನು ಕೆನ್ನೆ ಹಿಡಿದುಕೊಂಡು, "ಓಡಿದವ ನಾನು, ತ್ರಾಸು ನಿನಗ" ಅಂದು ಸ್ನಾನಕ್ಕೆ ಹೋದ. ಆ ಹೊಡೆತಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ.

ಮರುದಿನ ಆ ಫೋನು ಹಿಡಿದುಕೊಂಡೇ ಉಸ್ತಾದನ ಹತ್ತಿರ ಹೋದೆ. ಗೆರೆಯನ್ನು ಸಂದಿ ಬರುವ ಮೊದಲೇ, ಈಚೆಗೆ ಹಾಕಿ, ಇಲ್ಲವೇ ಬೇರೆ ರಸ್ತೆ ನೋಡಿ ಎಂದೆ. ಅವನು ಸಿಟ್ಟು ಮಾಡಲಿಲ್ಲ. ಅವನು ಕೆಟ್ಟವನೂ ಅಲ್ಲ. ಸಿಟ್ಟು ಬರಿಸುವುದು ಅದೇ. ಈಚೆಗೆ ಹಾಕಿದರೆ ಓಟ ಶುರುವಾಗುವ ತುದಿ ಮೇನ್ ರೋಡಿಗೆ ಹೋಗುತ್ತದೆ, ಅಲ್ಲಿ ಬಸ್ಸು ಬರುತ್ತವೆ ಎಂದು ನಿಧಾನವಾಗಿ ವಿವರಿಸಿದ. ನಾನು ವಿಡಿಯೋದ ಸದ್ದು ಕೇಳಿಸಿದೆ. ಬ್ರೇಕು ಕಿರುಚುವಲ್ಲಿ ಅವನ ಮುಖ ನೋಡಿದೆ. ಅವನು ಫೋನನ್ನು ಕಿವಿಗೆ ಹಿಡಿದುಕೊಂಡು ಇನ್ನೊಂದು ಸಲ ಕೇಳಿದ.

"ನೋಡಿ, ಸೀಟಿ ಆಮೇಲೆ ಬರ್ತಿದೆ. ಅವ್ನು ಅದಕ್ಕಿಂತ ಮುಂಚೆನೇ ದಾಟಿದಾನೆ. ನಿಂತು ಟ್ಯಾಂಕರ್ ನೋಡಿದ್ರೆ ಹಗ್ಗದ ಆಚೆನೇ ಉಳ್ಕೊಳ್ತಿದ್ದ" ಅಂದ.

ಒಂದೇ ಸದ್ದು. ನಾನು ಬ್ರೇಕ್ ಕೇಳಿದೆ, ಅವನು ಸೀಟಿ ಕೇಳಿದ. ಸುಮ್ಮನಿರಲಾಗದೆ, ಒಳಗೆ ಸೇರಿದ ಮೇಲೆ ಆಫೀಸರ್ ಆಗಬಹುದು ಎಂದು ಹುಡುಗರಿಗೆ ಹೇಳುತ್ತೀರಲ್ಲ, ನಿಮ್ಮ ಕೈಕೆಳಗೆ ಓಡಿದವರಲ್ಲಿ ಎಷ್ಟು ಜನ ಆಗಿದ್ದಾರೆ ಎಂದು ಕೇಳಿದೆ. ಅವನು ಹಗ್ಗ ಸುತ್ತುತ್ತಾ, "ಮೊದ್ಲು ಒಳಗೆ ಹೋಗ್ಲಿ ಬಿಡಮ್ಮ" ಅಂದ.

ಮನೆಯಲ್ಲಿ ಅಪ್ಪನಿಗೆ ಟ್ಯಾಂಕರಿನ ವಿಷಯ ಹೇಳಿದೆ. ದಿನಾ ಎತ್ತರದ ಸಾರುವೆಯ ಮೇಲೆ ನಿಂತು ಕೆಲಸ ಮಾಡುವ ಮನುಷ್ಯ. ತಪ್ಪಿದ ಅಪಾಯ ಅವನ ಲೆಕ್ಕದಲ್ಲಿ ಅಪಾಯವೇ ಅಲ್ಲ. ಏನೂ ಆಗಲಿಲ್ಲವಲ್ಲ ಎಂದ. ನಾಲ್ಕು ವರ್ಷ ಆದ ಮೇಲೆ ಏನು ಎಂದು ಕೇಳಿದರೆ, "ನಾಕು ವರ್ಷ ತಲಿ ಎತ್ತಿ ಅಡ್ಡಾಡ್ತಾನಲ್ಲ. ಆಮ್ಯಾಲಿಂದು ಆಮ್ಯಾಲ" ಅಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ತಮ್ಮನ ಅಂಗಿಯನ್ನು ಒಗೆಯಲು ತೆಗೆದುಕೊಂಡವಳು ಅದರ ಬೆನ್ನಿಗೆ ಅಂಟಿದ್ದ ಕರಿ ಗ್ರೀಸನ್ನು ಬೆಳಕಿಗೆ ಹಿಡಿದು ನೋಡುತ್ತಾ ಬಹಳ ಹೊತ್ತು ನಿಂತಿದ್ದಳು. ಆ ಕಲೆ ಹೋಗಲಿಲ್ಲ. ಅಂಗಿಯನ್ನು ನೆಲ ಒರೆಸಲು ಹಾಕಿದಳು.

ನನ್ನ ಪರವಾಗಿ ಮಾತಾಡಿದವರು ಒಬ್ಬರಿದ್ದರು, ನಮ್ಮ ಮನೆ ಓನರ್. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಿಷಯ ತಿಳಿದು ತಮ್ಮನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಬುದ್ಧಿ ಹೇಳಿದರು. "ಮೊದ್ಲು ಡಿಗ್ರಿ ಮುಗ್ಸಪ್ಪ. ಸಿಪಾಯಿ ಆಗೋಕೆ ಕಾಲೇಜಿಗ್ಯಾಕೆ ಹೋಗ್ಬೇಕಿತ್ತು? ಓದಿದೋನು ಸೆಲ್ಯೂಟ್ ತಗೋಬೇಕು, ಹೊಡೀಬಾರ್ದು."

ನನಗೆ ಅವರ ಮೇಲೆ ಬಂದ ಸಿಟ್ಟು ಉಸ್ತಾದನ ಮೇಲೆ ಬಂದದ್ದಕ್ಕಿಂತ ಹೆಚ್ಚು. ನಾನು ಹೇಳುತ್ತಿದ್ದುದನ್ನೇ ಅವರು ಹೇಳಿದ್ದರು. ಆದರೆ ಅವರ ಬಾಯಲ್ಲಿ ಅದು ಎಷ್ಟು ಹೊಲಸಾಗಿ ಕೇಳಿಸಿತು. ಅವರ ಮಗ ಎರಡು ಬಾಗಿಲಿನಲ್ಲಿ ಯಾವುದನ್ನೂ ತಟ್ಟಿದವನಲ್ಲ. ತಮ್ಮ ತಲೆಬಗ್ಗಿಸಿ "ಹೂಂ ರೀ" ಎನ್ನುತ್ತಾ ನಿಂತಿದ್ದ. ಒಳಗೆ ಬಂದು ನನ್ನ ಕಡೆ ನೋಡಿ, "ನೀನೂ ಹಿಂಗೇ ಅಂತಿ" ಅಂದ.

ಹಾಗೆ ಅಲ್ಲ ಎಂದು ತೋರಿಸಬೇಕಿತ್ತು. ಅವನನ್ನು ಇಂದಿರಾನಗರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಆಫೀಸರ್ ಪರೀಕ್ಷೆಗೆ, ಸಂದರ್ಶನಕ್ಕೆ ತಯಾರು ಮಾಡುವ ಒಂದು ಕೋಚಿಂಗ್ ಕ್ಲಾಸು. ಒಂದು ದಿನ ಕೂತು ನೋಡಬಹುದು ಎಂದಿದ್ದರು. ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ, ಕಾಲಲ್ಲಿ ಮಾತ್ರ ಓಟದ ಬೂಟೇ. ಬೇರೆ ಇರಲಿಲ್ಲ.

ಅಲ್ಲಿ ಯಾರೂ ಅವನನ್ನು ಹಂಗಿಸಲಿಲ್ಲ. ಇದನ್ನು ಒತ್ತಿ ಹೇಳಬೇಕು. ಒಬ್ಬ ಹುಡುಗ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಕಲಿಸುವವರು, ನಿವೃತ್ತ ಅಧಿಕಾರಿ, ಬಹಳ ಮರ್ಯಾದೆಯಿಂದ ಅವನನ್ನು ಎಬ್ಬಿಸಿ ನಿನ್ನ ಬಗ್ಗೆ ಹೇಳು ಎಂದರು, ಇಂಗ್ಲಿಷಿನಲ್ಲಿ. ತಮ್ಮ ಹೆಸರು ಹೇಳಿದ, ಕಾಲೇಜಿನ ಹೆಸರು ಹೇಳಿದ. ಅಪ್ಪನ ಕೆಲಸ ಹೇಳುವಲ್ಲಿ ಗಾರೆ ಕೆಲಸಕ್ಕೆ ಪದ ಸಿಗದೆ ನಿಂತ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನನಗೆ ಆ ಪದ ಗೊತ್ತಿತ್ತು. ಹೇಳಿಕೊಡುವಂತಿರಲಿಲ್ಲ. ಅವರು ಕಾದರು. ಆಮೇಲೆ ಪರವಾಗಿಲ್ಲ ಕೂತುಕೋ ಎಂದು ಮುಂದಿನವನನ್ನು ಎಬ್ಬಿಸಿದರು. ಮುಂದಿನವನು ಮಾತಾಡತೊಡಗಿದ. ಅವನ ಅಪ್ಪನೂ ಅಧಿಕಾರಿ, ಅಜ್ಜನೂ ಅಧಿಕಾರಿ. ಆ ಗೋಡೆಗಳ ಒಳಗಿನ ಹುಲ್ಲಿನ ಮೇಲೆ ಆಡಿ ಬೆಳೆದವನು. ಅವನು ಚೆನ್ನಾಗಿಯೇ ಮಾತಾಡಿದ. ಅವನದೇನು ತಪ್ಪು?

ಹೊರಗೆ ಬಂದು ಮೆಟ್ರೋ ಮೆಟ್ಟಿಲು ಹತ್ತುವಾಗ ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಇಂಗ್ಲಿಷ್ ಒಂದು ವರ್ಷದಲ್ಲಿ ಬರುತ್ತದೆ, ನನಗೆ ಬಂದಿಲ್ಲವೇ, ದಿನಾ ಸಂಜೆ ಕೂತರೆ ಸಾಕು. ತಮ್ಮ ಮೆಟ್ಟಿಲ ನಡುವೆಯೇ ನಿಂತ. ಹಿಂದೆ ಬರುತ್ತಿದ್ದವರು ಗೊಣಗುತ್ತಾ ಸುತ್ತಿಕೊಂಡು ಹೋದರು.

"ನಿನಗ ಆಫೀಸರ್ ತಮ್ಮ ಬೇಕು. ನನಗ ನೌಕರಿ ಬೇಕು" ಅಂದ. ಆಮೇಲೆ ಸ್ವಲ್ಪ ಮೆತ್ತಗೆ, "ಓಟದಾಗ ಹಗ್ಗ ಕಣ್ಣಿಗಿ ಕಾಣ್ತದಕ್ಕ. ಅಲ್ಲಿ ಹಗ್ಗ ಎಲ್ಲಿ ಕಟ್ಟ್ಯಾರ ಅಂತೇ ಗೊತ್ತಾಗಂಗಿಲ್ಲ" ಅಂದ.

ಎರಡು ಬಾಗಿಲು, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದು ಹೇಳುವವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ. ಯೂಟ್ಯೂಬಿನಲ್ಲಿ ಅಂಥವರು ತುಂಬ ಇದ್ದಾರೆ. ಹಿಂದೆ ಬಾವುಟ ಇಟ್ಟುಕೊಂಡು, ಸಿಪಾಯಿಯಾಗಬೇಕೇ ಅಧಿಕಾರಿಯಾಗಬೇಕೇ, ನಿಮ್ಮ ಆಸಕ್ತಿಗೆ ತಕ್ಕಂತೆ ನಿರ್ಧರಿಸಿ ಎನ್ನುತ್ತಾರೆ. ಆಸಕ್ತಿ. ನನ್ನ ತಮ್ಮನಿಗೆ ಎರಡರಲ್ಲೂ ಆಸಕ್ತಿ ಇತ್ತು. ಒಂದು ಬಾಗಿಲಲ್ಲಿ ಅಪ್ಪನ ಕೆಲಸದ ಹೆಸರು ತಡೆಯಿತು. ಇನ್ನೊಂದು ಬಾಗಿಲಿಗೆ ಹೋಗುವ ದಾರಿಯಲ್ಲಿ ಟ್ಯಾಂಕರ್ ಬಂತು. ಅವನು ಟ್ಯಾಂಕರ್ ಇರುವ ದಾರಿಯನ್ನು ಆರಿಸಿಕೊಂಡ.

ಭರ್ತಿಯ ಓಟಕ್ಕೆ ಇನ್ನೂ ಕೆಲವು ವಾರ ಇದ್ದವು. ತಮ್ಮ ದಿನಾ ಕತ್ತಲಲ್ಲೇ ಬೂಟು ಕಟ್ಟಿಕೊಂಡು ಹೋಗುತ್ತಿದ್ದ. ನಾನು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿ, ಅವನು ಬಾಗಿಲು ತೆಗೆದು ಒಳಗೆ ಬರುವವರೆಗೂ ಅದೇ ಗಾಡಿಯನ್ನು ಮತ್ತೆ ಮತ್ತೆ ಸಂದಿಯಿಂದ ಹೊರಗೆ ತರುತ್ತಿದ್ದೆ. ಒಮ್ಮೆ ಅದು ನಿಲ್ಲುತ್ತಿತ್ತು. ಒಮ್ಮೆ ನಿಲ್ಲುತ್ತಿರಲಿಲ್ಲ. ಮಾರತ್ತಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ಬ್ರೇಕು ಹಾಕಿದರೆ ಕೈಯಲ್ಲಿದ್ದ ಟಿಫಿನ್ ಡಬ್ಬಿ ಜಾರುತ್ತಿತ್ತು. ಒಂದು ಬೆಳಗ್ಗೆ ಇನ್ನು ಆಗುವುದಿಲ್ಲ ಎನಿಸಿ ಎದ್ದೆ. ಅವ್ವನ ಕೆಂಪು ಸೆರಗಿನ ಹಳೆ ಸೀರೆಯೊಂದನ್ನು ಹರಿದು, ಸೆರಗಿನ ತುಂಡು ತೆಗೆದುಕೊಂಡು ಹೋಗಿ ಸಂದಿಯ ಬಾಯಲ್ಲಿ ನಿಂತೆ. ಓಡುವವರಿಗೆ ಬೆನ್ನು, ಟ್ಯಾಂಕರಿಗೆ ಮುಖ.

ಮೊದಲು ಬಂದ ಗಾಡಿಯಲ್ಲಿ ಅದೇ ಡ್ರೈವರ್ ಇದ್ದ. ಬಟ್ಟೆ ನೋಡಿ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ಮೇಡಮ್, ಹೊಸ ಸಿಗ್ನಲ್ಲಾ?" ಅಂದ.

"ಹೂಂ. ರೆಡ್ಡು" ಅಂದೆ.

ಬೇರೆ ಡ್ರೈವರುಗಳು ಅಷ್ಟು ಒಳ್ಳೆಯವರಲ್ಲ. ಒಬ್ಬ ತಮಿಳಿನಲ್ಲಿ ಬೈದ, ನನಗೆ ಅರ್ಥವಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಮೂರು ವರ್ಷ ನಿಂತವಳಿಗೆ ಆ ಪದಗಳು ಹೊಸವಲ್ಲ. ನಾನು ಅದರಲ್ಲೇ ತಿರುಗಿ ಬೈದೆ. ಅವನು ಎಂಜಿನ್ ಆಫ್ ಮಾಡಿದ. ಉಸ್ತಾದ್ ಎರಡನೆಯ ದಿನ ನನ್ನನ್ನು ನೋಡಿ ತಲೆಯಾಡಿಸಿದ, ಬೇಡ ಎನ್ನಲಿಲ್ಲ. ಮೂರನೆಯ ದಿನ ನನ್ನನ್ನೂ ತನ್ನ ವ್ಯವಸ್ಥೆಯ ಒಂದು ಭಾಗದಂತೆ ನೋಡತೊಡಗಿದ. ಟ್ಯಾಂಕರ್ ಬಂದರೆ ನಾನಿದ್ದೇನೆ, ಅವನಿಗೆ ಗೆರೆ ಬದಲಿಸುವ ಅಗತ್ಯ ಇನ್ನಿರಲಿಲ್ಲ. ಬೇಡ ಎಂದು ಹಟ ಹಿಡಿದಿದ್ದ ಓಟಕ್ಕೆ ನಾನೇ ದಾರಿ ಬಿಡಿಸಿಕೊಡುತ್ತಿದ್ದೆ. ತಮ್ಮ ನನ್ನ ಬೆನ್ನ ಹಿಂದೆ ಓಡಿ ಹೋಗುವುದು ಬೂಟಿನ ಸದ್ದಿನಿಂದ ಗೊತ್ತಾಗುತ್ತಿತ್ತು. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ನೋಡಬಾರದೆಂದು ಕಲಿಸಿದ್ದರಲ್ಲ.

ಭರ್ತಿಯಲ್ಲಿ ಅವನು ಹಗ್ಗ ಏಳುವ ಮೊದಲೇ ದಾಟಿದ. ಕೊನೆಯ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಈಗ ಬೇರೆ ರಾಜ್ಯದ ತರಬೇತಿ ಕೇಂದ್ರದಲ್ಲಿದ್ದಾನೆ. ಭಾನುವಾರ ಫೋನ್ ಮಾಡುತ್ತಾನೆ. ಊಟ ಚೆನ್ನಾಗಿದೆಯಂತೆ, ಮೈದಾನದಲ್ಲಿ ಹುಲ್ಲಿದೆಯಂತೆ. ಅಪ್ಪ ಕೆಲಸದ ಜಾಗದಲ್ಲೆಲ್ಲ ಅವನ ಫೋಟೋ ತೋರಿಸುತ್ತಾನೆ. ಮನೆ ಓನರ್ ಕೂಡ ಈಗ ನಮ್ಮ ಹುಡುಗ ಎನ್ನುತ್ತಾರೆ. ನಾನು ಅವನ ಪುಸ್ತಕಗಳನ್ನು ಅಟ್ಟದ ಮೇಲೆ ಹಾಕಿಲ್ಲ. ನಾಲ್ಕು ವರ್ಷ ಆದ ಮೇಲೆ ಬೇಕಾಗಬಹುದು ಎಂದು ಒಮ್ಮೆ ಹೇಳಿದೆ. ಫೋನು ಅವ್ವನಿಗೆ ಕೊಡು ಅಂದ.

ಅವನು ಹೋದ ಮೇಲೂ ನಾನು ಸಂದಿಯ ಬಾಯಿಗೆ ಹೋಗುವುದು ನಿಂತಿಲ್ಲ. ಆಫೀಸಿಗೆ ತಡವಾಗದಿದ್ದರೆ ಸರಿ. ಉಸ್ತಾದನ ಹತ್ತಿರ ಈಗ ಹೊಸ ಹುಡುಗರಿದ್ದಾರೆ, ಸುಣ್ಣದ ಗೆರೆ ಅಲ್ಲೇ ಇದೆ. ಮೊನ್ನೆ ಬೆಳಗ್ಗೆ ಕೆ.ಆರ್. ಪುರದ ಡ್ರೈವರ್ ಗಾಡಿ ನಿಲ್ಲಿಸಿ ಕಾಯುತ್ತಿದ್ದ. ನನ್ನ ಹಿಂದೆ ಸೀಟಿ ಕೂಗಿತು, ಹಗ್ಗ ಎದ್ದಿತು. ದಾಟಿದವರು ಕೂಗಾಡುತ್ತಿದ್ದರು. ಅವನು ಗೇರ್ ಹಾಕಿದ.

"ಮುಗೀತಲ್ಲ ಮೇಡಮ್, ಬಟ್ಟೆ ಇಳ್ಸಿ. ನಿಮ್ ತಮ್ಮನೂ ಸೆಲೆಕ್ಟ್ ಆದ್ನಲ್ಲ, ಇನ್ಯಾರಿಗೆ ನಿಂತಿದೀರಾ?"

ನಾನು ತಿರುಗಿ ನೋಡಿದೆ. ಉಸ್ತಾದ್ ಹಗ್ಗ ಸುತ್ತತೊಡಗಿದ್ದ, ವಾಚನ್ನು ಜೇಬಿಗೆ ಹಾಕಿಕೊಂಡಿದ್ದ. ರಸ್ತೆಯ ಆ ಕಡೆಯಿಂದ ಇನ್ನೂ ಇಬ್ಬರು ಬರುತ್ತಿದ್ದರು. ಒಬ್ಬ ಪಕ್ಕೆ ಹಿಡಿದುಕೊಂಡು ಕುಂಟುತ್ತಿದ್ದ. ಇನ್ನೊಬ್ಬ ಸಣ್ಣ ಆಸಾಮಿ, ಬಾಯಿ ತೆರೆದುಕೊಂಡು, ಹಗ್ಗ ಎದ್ದಾಗಿದೆ ಎಂದು ಗೊತ್ತಿದ್ದೂ ಓಡುತ್ತಿದ್ದ.

"ಆಫ್ ಮಾಡ್ರಿ ಎಂಜಿನ್ನು" ಅಂದೆ. "ಇನ್ನೂ ಇಬ್ರು ಬರೋರಿದಾರೆ."